ಹದಿನಾರು ರಾತ್ರಿಯ ಸಾಕ್ಷಿ

ಆ ದಿನ ಬೆಳಿಗ್ಗೆ ಗಾಳಿಗೆ ದಿಕ್ಕು ಅನ್ನುವುದೇ ಇರಲಿಲ್ಲ. ಬೀದಿಯ ಈ ತುದಿಯಲ್ಲಿ ಎದ್ದ ಧೂಳು ಆ ತುದಿಯವರೆಗೆ ಓಡಿ, ಏನೋ ಮರೆತು ಬಂದವರ ಹಾಗೆ ತಿರುಗಿ ಈ ತುದಿಗೇ ಬರುತ್ತಿತ್ತು. ಮಹಡಿಯ ತಂತಿಯ ಮೇಲೆ ಒಣಹಾಕಿದ ಅಂಗಿಗಳು ಒಮ್ಮೆ ಪೂರ್ವಕ್ಕೆ ತೋಳು ಚಾಚಿದರೆ ಇನ್ನೊಮ್ಮೆ ಪಶ್ಚಿಮಕ್ಕೆ. ಮೋಡವಿತ್ತು, ಮಳೆಯಿಲ್ಲ. ಬಿಸಿಲಿತ್ತು, ಕಾವಿಲ್ಲ. ಇಂಥ ದಿನ ಗಟ್ಟಿ ಮನಸ್ಸಿನವರೂ ಸುಮ್ಮನೆ ಎದ್ದು ಕೂತು ಮಾಡುತ್ತಾರೆ. ಇನ್ನು ತಕ್ಕಡಿರಾಯನ ಪಾಡು ಕೇಳಬೇಕೆ? ಆರು ಗಂಟೆಯಿಂದ ಎಂಟರೊಳಗೆ ಅವನು ಮೂರು ಸಲ ಷೂ ಹಾಕಿದ್ದ, ಎರಡು ಸಲ ಬಿಚ್ಚಿದ್ದ.

ತಕ್ಕಡಿರಾಯ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕೆಳಗಿನ ಅಂಗಡಿಯ ದರ್ಜಿ ದೊಡ್ಡಮ್ಮ ಇಟ್ಟದ್ದು. ಬಂದರುಗಳಲ್ಲಿ ಲಾರಿಯನ್ನು ಸರಕಿನ ಸಮೇತ ಹತ್ತಿಸಿ ತೂಗುವ ದೊಡ್ಡ ದೊಡ್ಡ ಯಂತ್ರಗಳಿರುತ್ತವಲ್ಲ, ಅವು ಸರಿಯಾಗಿ ತೂಗುತ್ತವೆಯೋ ಇಲ್ಲವೋ ಪರೀಕ್ಷೆ ಮಾಡುವುದು ಅವನ ಕೆಲಸ. ಕಬ್ಬಿಣದ ಬೊಡ್ಡೆಯ ಹಾಗಿರುವ ಅಳತೆಗಲ್ಲುಗಳನ್ನು ಒಂದೊಂದೇ ಮೂಲೆಗೆ ಇಟ್ಟು ನೋಡಬೇಕು; ನಾಲ್ಕು ಮೂಲೆಯಲ್ಲೂ ಒಂದೇ ಅಂಕಿ ಬರಬೇಕು. ಸಣ್ಣ ಕಲ್ಲುಗಳನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಕೈಯ ಬೆವರೂ ತೂಕಕ್ಕೆ ಸೇರಿಬಿಡುತ್ತದೆ. ಎಲ್ಲ ಸರಿಯಿದ್ದರೆ ಸೀಸದ ಮುದ್ರೆ ಒತ್ತಿ ಸಹಿ ಹಾಕಬೇಕು. ಹದಿನೇಳು ವರ್ಷದಲ್ಲಿ ಅವನು ತಪ್ಪು ತೂಗುವ ಒಂದು ಯಂತ್ರಕ್ಕೂ ಮುದ್ರೆ ಒತ್ತಿದವನಲ್ಲ. ಕವರಿನಲ್ಲಿ ಕಾಸು ಹಾಕಿ ಕೊಡಲು ಬಂದವರಿದ್ದರು, ಹೆದರಿಸಿದವರಿದ್ದರು. ಅವನು ಕೈಗವಸು ಬಿಚ್ಚಿ ಕಾರು ಹತ್ತಿ ಹೊರಟುಬಿಡುತ್ತಿದ್ದ.

ಕೆಲಸ ಇಂಥ ನೇರದ್ದಾದರೂ ಆಸಾಮಿಯ ಕಾಲು ಮಾತ್ರ ಒಂದು ಕಡೆ ನಿಲ್ಲುವಂಥದ್ದಲ್ಲ. ಲೋಕದ ಜನ ನೀರು ನೋಡಿ, ನೆರೆಹೊರೆ ನೋಡಿ ಮನೆ ಮಾಡುತ್ತಾರೆ. ಇವನು ತೆರಿಗೆ ನೋಡಿ ಮಾಡುತ್ತಿದ್ದ. ಮದುವೆಯಾದ ಹನ್ನೊಂದು ವರ್ಷದಲ್ಲಿ ಇದು ಅವನ ಮೂರನೆಯ ದೇಶ. ಮೊದಲನೆಯದರಲ್ಲಿ ಗಳಿಕೆಯ ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ ಹೋಗುತ್ತಿತ್ತು. ಎರಡನೆಯದರಲ್ಲಿ ಐದರಲ್ಲಿ ಒಂದು. ಇಲ್ಲಿಯ ಕಾನೂನು ಕೇಳಿದಾಗ ಅವನಿಗೆ ನಿದ್ದೆಯೇ ಬಂದಿರಲಿಲ್ಲವಂತೆ: ಹೊರದೇಶದಲ್ಲಿ ದುಡಿದು ತಂದದ್ದಕ್ಕೆ ಹತ್ತು ವರ್ಷ ತೆರಿಗೆಯೇ ಇಲ್ಲ. ಇಲ್ಲೊಂದು ಮನೆ ಮಾಡಬೇಕು, ವರ್ಷಕ್ಕೊಮ್ಮೆ ಒಂದಿಷ್ಟು ಶುಲ್ಕ ಕಟ್ಟಬೇಕು, ಮತ್ತೆ ವರ್ಷದಲ್ಲಿ ನೂರ ಎಂಬತ್ತಮೂರು ದಿನ ಇಲ್ಲೇ ವಾಸ ಮಾಡಬೇಕು. ಅಷ್ಟೇ. ವಾಸದ ಕಾರ್ಡು ಕೈಗೆ ಬರುತ್ತದೆ.

"ಬೆಕ್ಕಿಗೆ ಬಿಡಾರ ಏಳು ಅಂತಾರೆ, ನಿಮಗೆ ಇನ್ನೂ ನಾಲ್ಕು ಬಾಕಿ ಇದೆ" ಎಂದು ಹೆಂಡತಿ ಆಗ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಾ ಹೇಳಿದ್ದಳು.

ಇದಾಗಿ ಮೂರು ವರ್ಷ. ಇವತ್ತು ಅವನು ಷೂ ಹಾಕಿ ಬಿಚ್ಚಿ ಮಾಡುತ್ತಿದ್ದದ್ದಕ್ಕೆ ಕಾರಣ, ಏಜೆಂಟನ ಫೋನು. ಈ ವಾಸದ ಕಾಗದಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಆ ಏಜೆಂಟ್ ಯಾವ ಪ್ರಶ್ನೆಗೂ ‘ಎಲ್ಲ ಸರಾಗ ಆಗುತ್ತೆ ಸಾರ್’ ಎಂದೇ ಉತ್ತರ ಕೊಡುತ್ತಿದ್ದದ್ದರಿಂದ ಗಂಡಹೆಂಡತಿ ಅವನಿಗೆ ಸರಾಗ ಎಂದೇ ಹೆಸರಿಟ್ಟಿದ್ದರು. ಆ ಬೆಳಿಗ್ಗೆ ಸರಾಗ ಆ ಮಾತು ಆಡಿರಲಿಲ್ಲ. "ಒಂದು ಸಣ್ಣ ವಿಷಯ ಸಾರ್, ಬಂದು ಹೋಗಿ" ಅಂದಿದ್ದ.

ಸರಾಗನ ಆಫೀಸು ಔಷಧಿ ಅಂಗಡಿಯ ಮೇಲಿನ ಒಂದು ಕೋಣೆ. ಗೋಡೆಯ ತುಂಬ ಸಮುದ್ರದ ಚಿತ್ರಗಳು, ಒಂದೊಂದು ಚಿತ್ರವೂ ಒಂದೊಂದು ದೇಶ. ತಕ್ಕಡಿರಾಯ ಕೂರುವ ಮೊದಲೇ ತನ್ನ ಚೀಟಿ ಮುಂದಿಟ್ಟ.

"ನೋಡಿ, ನೂರ ಎಂಬತ್ತಾರು. ವರ್ಷ ಮುಗಿಯೋಕೆ ಇನ್ನು ಐದು ದಿನ ಇದೆಯಲ್ಲ, ಅದನ್ನೂ ಸೇರಿಸಿ. ಮೂರು ದಿನ ಹೆಚ್ಚೇ ಇದೆ."

ಸರಾಗ ಚೀಟಿ ನೋಡಿದ, ಅವನನ್ನು ನೋಡಿದ. "ಹೊರಟ ದಿನ, ಬಂದ ದಿನ, ಎರಡೂ ಸೇರಿಸಿದ್ದೀರಿ."

"ಹೋದ ಎರಡು ವರ್ಷ ಹಾಗೇ ತಾನೆ ಲೆಕ್ಕ ಹಿಡಿದದ್ದು?"

"ಈ ವರ್ಷ ಬದಲಾಯಿಸಿದ್ದಾರೆ ಸಾರ್. ದಿನ ಅಲ್ಲ, ರಾತ್ರಿ. ರಾತ್ರಿ ನಿಮ್ಮ ತಲೆ ಯಾವ ದೇಶದ ದಿಂಬಿನ ಮೇಲಿತ್ತೋ ಆ ದೇಶಕ್ಕೆ ಆ ರಾತ್ರಿ. ಸುತ್ತೋಲೆ ಕಳಿಸಿದ್ದೆನಲ್ಲ."

ಕಳಿಸಿದ್ದ, ನಿಜ. ಆಗ ತಕ್ಕಡಿರಾಯ ಒಂದು ಬಂದರಿನಲ್ಲಿ ಯಂತ್ರದ ಹೊಟ್ಟೆಯೊಳಗೆ ಅಂಗಾತ ಮಲಗಿದ್ದ. ಫೋನಿನಲ್ಲಿ ಬಂದ ಹದಿನಾಲ್ಕು ಪುಟದ ಮೊದಲ ಪುಟ ನೋಡಿ ಜೇಬಿಗೆ ಹಾಕಿದ್ದ. ಈ ವರ್ಷ ಅವನು ಹತ್ತೊಂಬತ್ತು ಪ್ರಯಾಣ ಮಾಡಿದ್ದ. ಒಂದು ಪ್ರಯಾಣಕ್ಕೆ ಒಂದು ದಿನ ಕಳೆದರೂ ನೂರ ಎಂಬತ್ತಾರರಲ್ಲಿ ಹತ್ತೊಂಬತ್ತು ಹೋಯಿತು. ಉಳಿದದ್ದು ನೂರ ಅರವತ್ತೇಳು. ಹದಿನಾರು ಕಡಿಮೆ. ಲಾರಿಯ ತೂಕ ಮಾಡುವಾಗ ಖಾಲಿ ಲಾರಿಯ ಭಾರ ಕಳೆಯುವುದನ್ನು ಎಳೆಯ ಹುಡುಗರಿಗೆ ಮೊದಲ ದಿನವೇ ಕಲಿಸುವವನು, ತನ್ನ ವರ್ಷದಿಂದ ಕಳೆಯಬೇಕಾದದ್ದನ್ನು ಕಳೆಯದೆ ತೂಗಿದ್ದ.

"ಕಾರ್ಡು ಹೋದರೆ?"

"ಹೋದರೆ ಮೂವತ್ತು ದಿನದಲ್ಲಿ ದೇಶ ಬಿಡಬೇಕು. ಆದರೆ ಯಾಕೆ ಹೋಗುತ್ತೆ? ಆನೆ ಹೋಗಿದೆ, ಬಾಲ ಉಳಿದಿದೆ, ಅದನ್ನೂ ದಾಟಿಸೋಣ." ಸರಾಗ ಕುರ್ಚಿ ಮುಂದಕ್ಕೆಳೆದ. "ನೀವು ಓಡಾಡೋದು ಕಾರಲ್ಲಿ. ಈ ಗಡಿಗಳಲ್ಲಿ ಮುದ್ರೆ ಒತ್ತೋರು ಯಾರೂ ಇಲ್ಲ. ವಾಪಸ್ ಬರೋದು ಯಾವಾಗ? ಬೆಳಿಗ್ಗೆ ಆರಕ್ಕೋ ಏಳಕ್ಕೋ. ಹದಿನಾರು ಸಲ, ಬೆಳಿಗ್ಗೆ ಬಂದದ್ದನ್ನ ಹಿಂದಿನ ಸಂಜೆಯೇ ಬಂದೆ ಅನ್ನಿ. ಅಷ್ಟೇ. ಹಿಂದಿನ ಸಂಜೆಗೂ ಮಾರನೇ ಬೆಳಿಗ್ಗೆಗೂ ಏನು ಮಹಾ ದೂರ? ಅದೇ ಕಟ್ಟಡದಲ್ಲಿ ಇರೋರು ಒಬ್ಬರು, ನೆಂಟರಲ್ಲದೋರು, ಈ ರಾತ್ರಿಗಳಲ್ಲಿ ಇವರು ಮನೇಲಿದ್ದರು ಅಂತ ಸಾಕ್ಷಿಪತ್ರಕ್ಕೆ ಸಹಿ ಹಾಕಿದರೆ ಮುಗೀತು. ಗಾಳಿ ಬಂದಾಗ ತೂರಿಕೋಬೇಕು ಸಾರ್."

ತಕ್ಕಡಿರಾಯನ ಮೊಣಕಾಲು ಮೇಜಿನ ಕೆಳಗೆ ತಾನಾಗಿ ಅಲುಗುತ್ತಿತ್ತು. "ಸಾಕ್ಷಿ ಸಿಗದಿದ್ದರೆ?"

ಸರಾಗ ಗೋಡೆಯ ಮೇಲಿನ ಇನ್ನೊಂದು ಸಮುದ್ರದ ಕಡೆ ಗಲ್ಲ ತಿರುಗಿಸಿದ. "ಅಲ್ಲಿ ತೊಂಬತ್ತು ರಾತ್ರಿ ಸಾಕು. ಹೊಸದಾಗಿ ಶುರು ಮಾಡಿದ್ದಾರೆ. ಬೇಕಾದರೆ ಇವತ್ತೇ ಅರ್ಜಿ ಹಾಕ್ತೀನಿ."

ಹಿಂದಾಗಿದ್ದರೆ ತಕ್ಕಡಿರಾಯ ಅಲ್ಲೇ ಪೆನ್ನು ಕೇಳುತ್ತಿದ್ದ. ಇವತ್ತು ಕೇಳಲಿಲ್ಲ. ಯಾಕೆ ಅನ್ನುವುದನ್ನು ಹೇಳಬೇಕಾದರೆ ಅವನ ಹೆಂಡತಿಯ ವಿಚಾರ ಹೇಳಬೇಕು.

ಮೊದಲ ಎರಡು ದೇಶದಲ್ಲಿ ಆಕೆ ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚಿದವಳೇ ಅಲ್ಲ. ‘ಹೇಗಿದ್ದರೂ ಕಟ್ಟಬೇಕಲ್ಲ’ ಎಂದು ಎರಡು ಪೆಟ್ಟಿಗೆ ಮಂಚದ ಕೆಳಗೆ ಹಾಗೇ ಇಡುತ್ತಿದ್ದಳು. ಇಲ್ಲಿಗೆ ಬಂದ ನಾಲ್ಕನೆಯ ತಿಂಗಳು, ಜಿಪ್ ಕಿತ್ತ ಒಂದು ಚೀಲ ಹಿಡಿದು ಕೆಳಗಿನ ಅಂಗಡಿಗೆ ಇಳಿದಳು. ದರ್ಜಿ ದೊಡ್ಡಮ್ಮ ಒಂಟಿ ಹೆಂಗಸು, ಎಪ್ಪತ್ತು ದಾಟಿದವಳು, ಅಂಗಡಿಯ ಹಿಂದಿನ ಕೋಣೆಯಲ್ಲೇ ಇರುವವಳು, ಬಟ್ಟೆ ಚಿಕ್ಕದು ದೊಡ್ಡದು ಮಾಡಿಕೊಡುವುದರಲ್ಲಿ ಆ ಬೀದಿಗೆಲ್ಲ ಹೆಸರಾದವಳು. ಆಕೆ ಚೀಲ ನೋಡಿ, "ಇದನ್ನ ನಾನು ಹೊಲಿದರೆ ನಾಳೆ ಮತ್ತೆ ಕಿತ್ತುಕೊಂಡು ಬರ್ತೀಯ. ಕೂತು ನೀನೇ ಹೊಲಿ, ಹೇಳಿಕೊಡ್ತೀನಿ" ಅಂದಳು. ಕೂತದ್ದು ಕೂತೇ ಹೋಯಿತು. ಈಗ ಅಂಗಡಿಯ ಕಿಟಕಿಯ ಪಕ್ಕ ಆಕೆಗೊಂದು ಬೆಂಚಿದೆ, ಅವಳದೇ ಒಂದು ಕತ್ತರಿ ಇದೆ. ಮಕ್ಕಳ ಬಟ್ಟೆ ಬಂದರೆ ಮಡಿಕೆಯೊಳಗೆ ಎರಡು ಬೆರಳು ಬಟ್ಟೆ ಹೆಚ್ಚು ಬಿಡುವುದು, ಮುದುಕರ ಷರಾಯಿಗೆ ಗುಂಡಿಯ ಬದಲು ಕೊಕ್ಕೆ ಹಾಕುವುದು, ಎಲ್ಲ ಆಕೆಗೆ ಗೊತ್ತು. ಮಂಚದ ಕೆಳಗಿನ ಎರಡು ಪೆಟ್ಟಿಗೆ ಹೋದ ವರ್ಷ ಬಿಚ್ಚಿಕೊಂಡವು. ಖಾಲಿ ರಟ್ಟನ್ನು ಆಕೆ ರದ್ದಿಯವನಿಗೆ ಹಾಕಿದಳು. ಆ ದಿನದಿಂದ ತಕ್ಕಡಿರಾಯನಿಗೆ ಒಂದು ಸಣ್ಣ ಭಯ ಹತ್ತಿಕೊಂಡಿತ್ತು.

ಆ ಭಯ ಹೊತ್ತುಕೊಂಡೇ ಅವನು ಸರಾಗನ ಸಾಕ್ಷಿಪತ್ರದ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಯ ಕಡೆ ಬಂದ. ಮೇಲಕ್ಕೆ ಹೋಗಲಿಲ್ಲ. ಹೆಂಡತಿ ದಾರದುಂಡೆ ತರಲು ಪೇಟೆಗೆ ಹೋಗುವ ಹೊತ್ತು ಅದು ಎಂದು ಅವನಿಗೆ ಗೊತ್ತಿತ್ತು.

ದೊಡ್ಡಮ್ಮ ಮೆಷಿನ್ನಿನಿಂದ ತಲೆಯೆತ್ತಿದಳು. ಹೆಂಡತಿಯನ್ನು ಮಗಳೆಂದು ಕರೆಯುವವಳಿಗೆ ಇವನು ಅಳಿಯ.

"ಏನು ಅಳಿಯಂದಿರು ಹಾಡುಹಗಲೇ ಅಂಗಡಿಗೆ ಬಂದಿದ್ದಾರೆ? ಗುಂಡಿ ಕಿತ್ತಿತೋ, ಬುದ್ಧಿ ಕಿತ್ತಿತೋ?"

"ಒಂದು ಸಹಿ ಬೇಕಾಗಿತ್ತು ದೊಡ್ಡಮ್ಮ."

"ಆಸ್ತಿ ಬರೆದುಕೊಡ್ತಾ ಇದ್ದೀರೋ?"

ಅವನು ಹಾಳೆ ಕೊಟ್ಟ. ಸುತ್ತಿ ಬಳಸಿ ಹೇಳುವುದು ಬಾರದವನಾದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಕಾನೂನು ಬದಲಾದದ್ದು, ಹದಿನಾರು ಕಡಿಮೆ ಬಿದ್ದದ್ದು, ಸಹಿ ಸಿಗದಿದ್ದರೆ ಮೂವತ್ತು ದಿನದಲ್ಲಿ ಗಂಟುಮೂಟೆ ಕಟ್ಟಬೇಕಾದದ್ದು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಹದಿನಾರು ತಾರೀಖನ್ನೂ ಮೇಲಿಂದ ಕೆಳಗೆ ಬೆರಳಿಟ್ಟು ಓದಿದಳು. ಓದಿ ಮುಗಿಸಿ ಹಾಳೆಯನ್ನು ಮೆಷಿನ್ನಿನ ಮೇಲೆ ಇಟ್ಟಳು.

"ಈ ರಾತ್ರಿಗಳು ನನಗೆ ಗೊತ್ತು" ಅಂದಳು.

"ಅಂದರೆ?"

"ಮಗಳು ಸಂಜೆ ಏಳೋವಾಗ ಹೇಳಿ ಹೋಗ್ತಾಳೆ, ‘ಇವತ್ತು ಅಲ್ಲಿಂದ ಹೊರಟಿದಾರಂತೆ, ಬೆಳಿಗ್ಗೆ ಬರ್ತಾರೆ’ ಅಂತ. ನಾನು ಬಾಗಿಲು ಹಾಕಿ ಆ ಕಿಟಕಿ ಹತ್ತಿರ ನಿಲ್ತೀನಿ. ದಿನಾ ನಿಲ್ತೀನಿ. ದಾರಿ ಮೇಲೆ ಇರೋರೆಲ್ಲ ಮನೆ ಸೇರಲಪ್ಪಾ ಅಂತ ಎಲ್ಲರಿಗೂ ಸೇರಿಸಿ ಒಂದೇ ಮಾತು. ಆದರೆ ನೀವು ಹೊರಟ ರಾತ್ರಿ ನಿಮ್ಮ ಹೆಸರು ಬೇರೆ ತೆಗೆದು ಹೇಳ್ತೀನಿ. ಬೆಳಿಗ್ಗೆ ಎದ್ದು ಮೊದಲು ನೋಡೋದು ನಿಮ್ಮ ಕಾರು ಜಾಗದಲ್ಲಿ ನಿಂತಿದೆಯೋ ಇಲ್ಲವೋ ಅಂತ."

ತಕ್ಕಡಿರಾಯನಿಗೆ ಇದು ಗೊತ್ತಿರಲಿಲ್ಲ. ಮೂರು ವರ್ಷದಿಂದ ಅದೇ ಕಿಟಕಿಯ ಮುಂದೆ ಕಾರು ನಿಲ್ಲಿಸುತ್ತಿದ್ದ.

ದೊಡ್ಡಮ್ಮನ ದನಿ ತಗ್ಗಿತು. ತಮಾಷೆಯ ಬಹುವಚನವೂ ಬಿದ್ದುಹೋಯಿತು. "ಈಗ ನೋಡು ಮಗಾ. ಆ ರಾತ್ರಿ ನೀನು ಹಾಸಿಗೇಲಿ ಬೆಚ್ಚಗೆ ಮಲಗಿದ್ದೆ ಅಂತ ನಾನು ಬರೆದುಕೊಟ್ಟರೆ, ಕಿಟಕಿ ಹತ್ತಿರ ನಿಂತು ನಾನು ಬೇಡಿಕೊಂಡದ್ದು ಯಾರಿಗೋಸ್ಕರ? ಹದಿನಾರು ಸಲ ಸುಳ್ಳು ಹೇಳಿ ದೇವರ ಹತ್ತಿರ ಕೆಲಸ ಮಾಡಿಸಿಕೊಂಡ ಹಾಗೆ ಆಗಲ್ವಾ? ಅವನು ಕಾಪಾಡಿದ್ದೂ ಸುಳ್ಳು ಅಂದ ಹಾಗಾಯ್ತು."

"ಅದು ಬರೀ ಕಾಗದ, ದೊಡ್ಡಮ್ಮ."

"ನಿನ್ನ ಸೀಸದ ಮುದ್ರೆನೂ ಬರೀ ಸೀಸ ತಾನೆ?"

ಹೊರಗೆ ಗಾಳಿ ಅಂಗಡಿಯ ಫಲಕವನ್ನು ಕಂಬಕ್ಕೆ ಬಡಿಯುತ್ತಿತ್ತು. ಹಾಳೆಯನ್ನು ತೆಗೆದುಕೊಂಡು ಹೋಗುವುದೋ ಬಿಟ್ಟು ಹೋಗುವುದೋ ತಿಳಿಯದೆ ಅವನು ಬಿಟ್ಟೇ ಹೋದ.

ಆ ಸಂಜೆ ಹೆಂಡತಿಗೆ ಅರ್ಧ ಹೇಳಿದ. ದಿನಗಳ ಲೆಕ್ಕ ಕಡಿಮೆ ಬಿದ್ದಿದೆ, ಒಂದು ಕಾಗದ ಸಿಕ್ಕರೆ ಸರಿಹೋಗುತ್ತದೆ, ಸಿಗದಿದ್ದರೆ ಬೇರೆ ಕಡೆ ತೊಂಬತ್ತೇ ರಾತ್ರಿಯ ಒಂದು ದೇಶ ಇದೆಯಂತೆ. ಹೇಳುತ್ತಾ ಹೇಳುತ್ತಾ ಅವನು ಬಾಗಿಲಿನಿಂದ ಒಲೆಯವರೆಗೆ, ಒಲೆಯಿಂದ ಬಾಗಿಲಿಗೆ ನಡೆಯುತ್ತಿದ್ದ.

"ಸ್ವಲ್ಪ ಕೂತುಕೊಂಡು ಹೇಳಿ. ನಿಮ್ಮನ್ನ ನೋಡಿ ನೋಡಿ ನನ್ನ ಕತ್ತು ನೋವು ಬಂತು."

ಅವನು ಕೂತ. ಆಕೆ ತೊಳೆದ ಲೋಟವನ್ನೇ ಮತ್ತೆ ತೊಳೆದಳು.

"ಆ ಊರಲ್ಲಿ ಹಾಲಿನ ಅಂಗಡಿ ಎಲ್ಲಿದೆಯೋ, ಬಸ್ಸು ಯಾವುದೋ, ಪಕ್ಕದ ಮನೆಯವರು ಮಾತಾಡಿಸಿದರೆ ನಗಬೇಕೋ ಬೇಡವೋ... ಮತ್ತೆ ಒಂದರಿಂದ ಕಲಿಯಬೇಕು" ಅಂದಳು. ಸಿಟ್ಟಿನಿಂದಲ್ಲ. "ನೀವು ಹೇಳಿದರೆ ಬರ್ತೀನಿ. ಬರಲ್ಲ ಅಂತ ಎಂದಾದರೂ ಅಂದಿದ್ದೀನಾ? ಆದರೆ ಈ ಸಲ ಪೆಟ್ಟಿಗೆ ಮಾತ್ರ ನೀವೇ ಕಟ್ಟಬೇಕು. ನನಗೆ ಕೈ ಬರಲ್ಲ."

ಆಕೆ ಜಗಳ ಆಡಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ಹೆಂಡತಿ ಅಂಗಡಿಯಿಂದ ಬರುವಾಗ ಒಂದು ಲಕೋಟೆ ತಂದಳು. "ದೊಡ್ಡಮ್ಮ ಕೊಟ್ಟರು, ಅಳಿಯಂದಿರ ಕಾಗದ ಅಂತ." ಒಳಗೆ ಸಾಕ್ಷಿಪತ್ರ. ಕೆಳಗೆ ಸಹಿ. ಹೊಲಿಗೆ ಹಾಕಿದ ಹಾಗೆ ಒಂದೊಂದೇ ಅಕ್ಷರ ಒತ್ತಿ ಬರೆದ ಸಹಿ; ಹಿಂಬದಿಯಲ್ಲಿ ಅದರ ಉಬ್ಬು ಬೆರಳಿಗೆ ಸಿಗುತ್ತಿತ್ತು. ಜೊತೆಗೆ ಒಂದು ಮಾತೂ ಇರಲಿಲ್ಲ.

ತಕ್ಕಡಿರಾಯನಿಗೆ ಗೆದ್ದೆ ಅನ್ನಿಸಬೇಕಾಗಿತ್ತು. ಸರಾಗನಿಗೆ ಫೋನು ಮಾಡಿದ. "ನಾನು ಹೇಳಲಿಲ್ವಾ ಸಾರ್, ಎಲ್ಲ ಸರಾಗ" ಎಂದು ಅವನು ನಕ್ಕ. ಇವನೂ ನಕ್ಕ. ನಕ್ಕು ಫೋನಿಟ್ಟ ಮೇಲೆ, ಸುಮ್ಮನೆ ಕೂರಲಾಗದೆ ಕಾರಿನ ಡಿಕ್ಕಿ ತೆಗೆದು ಸಣ್ಣ ಅಳತೆಗಲ್ಲುಗಳನ್ನು ಒರೆಸಿದ. ಒರೆಸಿದ್ದನ್ನೇ ಒರೆಸಿದ. ಮತ್ತೆ ಮೇಲೆ ಹೋಗಿ ಹಾಳೆ ತೆಗೆದು ತಾರೀಖುಗಳನ್ನು ಓದಿದ.

ಒಂಬತ್ತನೆಯ ತಾರೀಖಿನಲ್ಲಿ ಕಣ್ಣು ನಿಂತಿತು. ಆ ರಾತ್ರಿ ಅವನಿಗೆ ನೆನಪಿತ್ತು. ಗಡಿಯ ಆಚೆ, ಮಳೆ, ಇಳಿಜಾರು. ಮುಂದಿನ ಟೈರು ಸಿಡಿದು ಕಾರು ಬುಗುರಿಯ ಹಾಗೆ ಎರಡು ಸುತ್ತು ಸುತ್ತಿ, ಬಂದ ದಾರಿಗೇ ಮುಖ ಮಾಡಿ ನಿಂತಿತ್ತು. ಎದುರಿಂದ ಬರುತ್ತಿದ್ದ ಲಾರಿ ಒಂದು ಮೊಳ ದೂರದಲ್ಲಿ ಹಾದುಹೋಗಿತ್ತು. ಅವನು ಇಳಿದು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಎಷ್ಟೋ ಹೊತ್ತು ಕೂತಿದ್ದ. ಬೆಳಿಗ್ಗೆ ಮನೆಗೆ ಬಂದು ಹೆಂಡತಿಗೆ, "ಟೈರು ಬದಲಾಯಿಸಬೇಕಾಯ್ತು, ತಡ ಆಯ್ತು" ಅಂದಿದ್ದ, ಅಷ್ಟೇ. ಈ ಹಾಳೆಯ ಪ್ರಕಾರ ಆ ಹೊತ್ತಿನಲ್ಲಿ ಅವನು ಮನೆಯಲ್ಲಿ ಮಗ್ಗುಲು ಬದಲಾಯಿಸಿ ಮಲಗಿದ್ದ. ಆ ಲಾರಿ ಯಾರನ್ನೂ ದಾಟಿ ಹೋಗಿರಲಿಲ್ಲ.

ಅವನು ಹಾಳೆ ಮಡಚಿ ಫೈಲಿಗೆ ಸೇರಿಸಿದ. ಆದದ್ದಾಯಿತು, ಎಂದುಕೊಂಡ. ಹದಿನಾರು ಗೆರೆ, ಒಂದು ಸಹಿ, ಇದಕ್ಕಿಷ್ಟು ಯಾಕೆ.

ಮೂರನೆಯ ದಿನ ಸಂಜೆ ಹೆಂಡತಿ ಬಟ್ಟೆ ಮಡಿಸುತ್ತಾ, ಯಾರಿಗೂ ಅಲ್ಲ ಅನ್ನುವ ಹಾಗೆ ಹೇಳಿದಳು: "ದೊಡ್ಡಮ್ಮ ಯಾಕೋ ಸರಿಯಿಲ್ಲ. ಎರಡು ದಿನದಿಂದ ಕಿಟಕಿ ಹತ್ತಿರ ನಿಲ್ತಾ ಇಲ್ಲ. ಪರದೆ ಎಳೆದು ಒಳಗೆ ಹೋಗಿಬಿಡ್ತಾರೆ."

"ಕಾಲು ನೋವಿರಬೇಕು."

"ನಾನೂ ಹಾಗೇ ಕೇಳಿದೆ. ‘ಕಾಲು ನೆಟ್ಟಗಿದೆ ಮಗಳೇ. ನನ್ನ ಮಾತು ಬೇರೆ ಒಂದು ಕಡೆ ಖರ್ಚಾಗಿದೆ. ಸದ್ಯಕ್ಕೆ ದೇವರಿಗೆ ಕೊಡೋಕೆ ಉಳಿದಿಲ್ಲ’ ಅಂದರು. ಏನರ್ಥವೋ, ವಯಸ್ಸಾಯ್ತಲ್ಲ." ಆಕೆ ಅಂಗಿಯ ತೋಳು ಒಳಕ್ಕೆ ಮಡಿಸಿದಳು. "ನಿಮಗೇನಾದರೂ ಗೊತ್ತಾ?"

"ಇಲ್ಲ" ಅಂದ ತಕ್ಕಡಿರಾಯ.

ಅಂದ ಮೇಲೆ ಆ ಎರಡಕ್ಷರದ ಮಾತು ಬಾಯಿಯಲ್ಲೇ ಕಲ್ಲಿನ ಹಾಗೆ ಉಳಿಯಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಮರುದಿನ ಹತ್ತೂವರೆಗೆ ಕಚೇರಿಯಲ್ಲಿ ಹಾಜರಿ. ಉದ್ದನೆಯ ಕೋಣೆ, ಗಾಜಿನ ಹಿಂದೆ ಆರು ಮೇಜು, ಗೋಡೆಗೆ ಒರಗಿಸಿದ ಕುರ್ಚಿಗಳ ಮೇಲೆ ಬೇರೆ ಬೇರೆ ದೇಶದ ಜನ. ಎಲ್ಲರ ತೊಡೆಯ ಮೇಲೂ ಒಂದೊಂದು ಫೈಲು, ಮಲಗಿದ ಮಗುವಿನ ಹಾಗೆ. ಸರಾಗ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದ. ತಕ್ಕಡಿರಾಯ ಕೂರುತ್ತಿದ್ದ, ಏಳುತ್ತಿದ್ದ, ನೀರಿನ ಯಂತ್ರದ ತನಕ ಹೋಗಿ ಕುಡಿಯದೆ ಬರುತ್ತಿದ್ದ.

"ಸಾರ್, ಹೆರಿಗೆ ಕೋಣೆ ಹೊರಗೆ ನಿಂತ ಹಾಗೆ ಮಾಡಬೇಡಿ. ನೋಡೋರಿಗೆ ಅನುಮಾನ ಬರುತ್ತೆ" ಎಂದು ಸರಾಗ ಪಿಸುಗುಟ್ಟಿದ.

ಅವರ ಸರದಿ ಬಂತು. ಮೇಜಿನ ಆಚೆ ಕೂತಿದ್ದ ಅಧಿಕಾರಿ ನಡುವಯಸ್ಸಿನ ಹೆಂಗಸು. ಕಣ್ಣಲ್ಲಿ ಹಿಂದಿನ ಇಪ್ಪತ್ತು ಜನರ ಆಯಾಸ. ಬಾಡಿಗೆ ಕರಾರು ನೋಡಿದಳು, ಹೊರದೇಶದ ಗಳಿಕೆಯ ಪತ್ರ ನೋಡಿದಳು, ಶುಲ್ಕದ ರಸೀದಿ ನೋಡಿದಳು. ಒಂದೊಂದಕ್ಕೂ ಟಿಕ್ ಹಾಕಿದಳು.

"ಎಲ್ಲ ಸರಿಯಿದೆ. ವಾಸದ ಸಾಕ್ಷಿಪತ್ರ ಒಂದು ಕೊಟ್ಟುಬಿಡಿ, ಮುಗಿಯಿತು." ತಲೆ ಎತ್ತದೆಯೇ ಕೈ ಚಾಚಿದಳು.

ಅದು ಎಷ್ಟು ಸುಲಭವಾಗಿತ್ತು ಅಂದರೆ, ತಕ್ಕಡಿರಾಯನಿಗೆ ಅದೇ ಅಸಹ್ಯವಾಯಿತು. ಆಕೆ ಓದುವುದೂ ಇಲ್ಲ. ಟಿಕ್ ಹಾಕಿ ಕಂತೆಯಲ್ಲಿ ಸೇರಿಸುತ್ತಾಳೆ. ಮಗಳು ಊರು ಬಿಡಬಾರದೆಂದು ಸಹಿ ಹಾಕಿ ದೊಡ್ಡಮ್ಮ ಎರಡು ದಿನ ಪರದೆ ಎಳೆದುಕೊಂಡು ಕೂತದ್ದು ಈ ಒಂದು ಟಿಕ್ಕಿಗೆ. ಅವನ ಕೈ ಫೈಲಿನೊಳಗೆ ಹೋಯಿತು. ಬೆರಳಿಗೆ ಸಹಿಯ ಉಬ್ಬು ತಗಲಿತು. ಬೆವರು ಒರೆಸಿಕೊಳ್ಳದೆ ಮುಟ್ಟಿಬಿಟ್ಟೆನಲ್ಲ ಎಂದು ಕೆಲಸದ ಅಭ್ಯಾಸದಿಂದ ತಟ್ಟನೆ ಅನ್ನಿಸಿ, ಕೈಯನ್ನು ಖಾಲಿ ಹೊರಗೆ ತೆಗೆದ.

"ನೂರ ಅರವತ್ತೇಳು" ಅಂದ.

"ಏನು?"

"ಈ ವರ್ಷ ನಾನು ಇಲ್ಲಿ ಮಲಗಿದ ರಾತ್ರಿ. ನೂರ ಅರವತ್ತೇಳು."

ಸರಾಗ ಕೆಮ್ಮಿದ. "ಸಾರ್ ಸ್ವಲ್ಪ ಗಾಬರಿ ಆಗಿದ್ದಾರೆ ಮೇಡಂ. ಸಾಕ್ಷಿಪತ್ರ ಫೈಲಲ್ಲೇ..."

"ಇಲ್ಲ" ಅಂದ ತಕ್ಕಡಿರಾಯ. ನಿನ್ನೆ ಹೆಂಡತಿಗೆ ಅಂದ ಅದೇ ಮಾತು. ಈ ಸಲ ಬಾಯಿಯಲ್ಲಿ ಉಳಿಯಲಿಲ್ಲ. "ಸಾಕ್ಷಿಪತ್ರ ಕೊಡಲ್ಲ. ಲೆಕ್ಕ ನಾನೇ ತಪ್ಪು ಮಾಡಿದ್ದೆ. ಹೊರಟ ದಿನ ಕಳೆದಿರಲಿಲ್ಲ."

ಅಧಿಕಾರಿ ಮೊದಲ ಸಲ ಮುಖ ಎತ್ತಿ ನೋಡಿದಳು. "ನೂರ ಎಂಬತ್ತಮೂರು ಬೇಕು ಅಂತ ಗೊತ್ತಿದೆ ತಾನೆ?"

"ಗೊತ್ತು."

"ಒಂಬತ್ತು ವರ್ಷದಿಂದ ಈ ಕುರ್ಚಿಯಲ್ಲಿದ್ದೀನಿ. ಕಡಿಮೆ ಇದೆ ಅಂತ ತಾವಾಗೇ ಹೇಳಿಕೊಂಡು ಬಂದವರು ನೀವೇ ಮೊದಲು. ಅದಕ್ಕೆ ಫಾರಂ ಎಲ್ಲಿದೆ ಅಂತ ನಾನೇ ಹುಡುಕಬೇಕು." ಆಕೆ ನಿಜಕ್ಕೂ ಎದ್ದು ಹೋಗಿ ಬೀರು ತೆಗೆದಳು.

ಸರಾಗ ಅವನ ಮೊಣಕೈ ಹಿಡಿದ. "ಎಲ್ಲ ಬಣ್ಣ ಮಸಿ ನುಂಗಿತು ಅಂತಾರಲ್ಲ, ಹಾಗೆ ಮಾಡಿದಿರಿ. ಹತ್ತು ವರ್ಷದ ವಿನಾಯಿತಿ ಸಾರ್, ಒಂದು ನಿಮಿಷದಲ್ಲಿ."

"ಹೌದು."

"ಸರಿ, ಹೋಗಲಿ. ಆ ತೊಂಬತ್ತು ರಾತ್ರಿಯದಕ್ಕೆ ಅರ್ಜಿ ಹಾಕಲಾ?"

ಅವನು ಉತ್ತರ ಕೊಡುವ ಮೊದಲೇ ಅಧಿಕಾರಿ ಹಾಳೆಯೊಂದನ್ನು ತಂದಳು, ಧೂಳು ಊದಿ ಮೇಜಿನ ಮೇಲೆ ಇಟ್ಟಳು. "ನೋಡಿ, ತೆರಿಗೆ ವಿನಾಯಿತಿಯ ಕಾರ್ಡು ಇವತ್ತಿಗೆ ರದ್ದು. ಈ ವರ್ಷದ ಗಳಿಕೆಗೆ ತೆರಿಗೆ ಬೀಳುತ್ತೆ. ಇನ್ನು ಇಲ್ಲೇ ಇರಬೇಕು ಅಂದರೆ ಮಾಮೂಲಿ ವಾಸಕ್ಕೆ ಅರ್ಜಿ ಹಾಕಬಹುದು. ಎಲ್ಲರ ಹಾಗೆ ಒಳಗಿನ ಗಳಿಕೆಗೂ ಹೊರಗಿನ ಗಳಿಕೆಗೂ ತೆರಿಗೆ ಕಟ್ಟಿಕೊಂಡು. ಆರು ತಿಂಗಳು ನೋಡ್ತಾರೆ. ಆ ಆರು ತಿಂಗಳು ನೀವು ದೇಶ ಬಿಟ್ಟು ಹೋಗೋ ಹಾಗಿಲ್ಲ."

"ಹೋಗಲೇಬಾರದಾ?"

"ಒಂದು ರಾತ್ರಿ ಕೂಡ. ಅಷ್ಟಾದ ಮೇಲೂ ಕೊಟ್ಟೇ ಕೊಡ್ತಾರೆ ಅಂತ ನಾನು ಹೇಳಲಾರೆ."

"ಅಷ್ಟು ದಿನ ಇಲ್ಲಿ ಯಾವ ತಕ್ಕಡಿ ನೋಡ್ತೀರಿ ಸಾರ್?" ಸರಾಗನ ದನಿಯಲ್ಲಿ ಕನಿಕರವೂ ಇತ್ತು. "ತರಕಾರಿ ಅಂಗಡಿದಾ?"

ತಕ್ಕಡಿರಾಯನ ಮೊಣಕಾಲು ಮೇಜಿನ ಕೆಳಗೆ ಕುಣಿಯುತ್ತಲೇ ಇತ್ತು. ಆರು ತಿಂಗಳು, ಒಂದೇ ಬೀದಿ, ಅದೇ ಬಾಗಿಲು, ಅದೇ ಒಲೆ. ಮುಂದಿನ ವಾರ ಹೋಗಬೇಕಾಗಿದ್ದ ಎರಡು ಬಂದರು ಕಣ್ಣ ಮುಂದೆ ಬಂದವು. ಆ ಕೆಲಸ ಬೇರೆಯವರ ಪಾಲಾಗುತ್ತದೆ, ಒಮ್ಮೆ ಹೋದದ್ದು ಮತ್ತೆ ಬರುವುದು ಕಷ್ಟ. ಎದೆಯಲ್ಲಿ ಹಳೆಯ ಹಂಬಲ ಎದ್ದು ನಿಂತಿತು: ಏಳು, ಹೊರಡು, ಸಮುದ್ರ ಎಷ್ಟೊಂದಿವೆ. ಅವನು ಎರಡೂ ಕೈಯನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿದ, ಹಟಮಾರಿ ಕರುವನ್ನು ಹಿಡಿದ ಹಾಗೆ. ಹಿಡಿದುಕೊಂಡೇ ಕೇಳಿದ:

"ಪೆನ್ನು ಕೊಡ್ತೀರಾ?"

ಮನೆಯ ಬೀದಿಗೆ ಬಂದಾಗ ಮೂರು ಗಂಟೆ. ಅಂಗಡಿಯಲ್ಲಿ ಹೆಂಡತಿ ತನ್ನ ಬೆಂಚಿನ ಮೇಲೆ ಯಾರದೋ ಕೋಟಿನ ಅಸ್ತರು ಬಿಚ್ಚುತ್ತಿದ್ದಳು. ದೊಡ್ಡಮ್ಮ ಮೆಷಿನ್ನಿನ ಮುಂದೆ ಕೂತಿದ್ದಳು, ಆದರೆ ಮೆಷಿನ್ನು ನಿಂತಿತ್ತು. ತಕ್ಕಡಿರಾಯ ಹೊಸ್ತಿಲಲ್ಲಿ ನಿಂತೇ ಹೇಳಿದ, ಈ ಸಲ ಪೂರ್ತಿ ಹೇಳಿದ. ಸಾಕ್ಷಿಪತ್ರದಲ್ಲಿ ಏನಿತ್ತು, ಯಾರ ಹತ್ತಿರ ಬರೆಸಿಕೊಂಡ, ನಿನ್ನೆ ಗೊತ್ತಿಲ್ಲ ಅಂದದ್ದು, ಇವತ್ತು ಕಚೇರಿಯಲ್ಲಿ ಅಂದದ್ದು, ಎಲ್ಲ. ಟೈರು ಸಿಡಿದ ರಾತ್ರಿಯನ್ನೂ ಹೇಳಿದ.

ಹೆಂಡತಿ ದಾರ ಕೀಳುತ್ತಲೇ ಇದ್ದಳು. ದೊಡ್ಡಮ್ಮನ ಕಡೆ ನೋಡಲಿಲ್ಲ, ಗಂಡನ ಕಡೆಯೂ ನೋಡಲಿಲ್ಲ.

"ಅಂದರೆ ದುಡ್ಡು ಹೋಯ್ತು" ಅಂದಳು.

"ಹೋಯ್ತು."

"ಕಾರ್ಡು ಸಿಗುತ್ತೋ ಇಲ್ಲವೋ ಗೊತ್ತಿಲ್ಲ."

"ಗೊತ್ತಿಲ್ಲ."

"ಮತ್ತೆ ಆರು ತಿಂಗಳು ನೀವು ಮನೇಲೇ ಇರ್ತೀರಿ. ದಿನಾ."

"ದಿನಾ."

ಆಕೆ ಕತ್ತರಿ ಕೆಳಗಿಟ್ಟಳು. "ದೊಡ್ಡಮ್ಮ, ದಾರಿ ಮೇಲಿರೋರನ್ನ ಬಿಟ್ಟು ಇನ್ನು ನನಗೋಸ್ಕರ ಬೇಡಿಕೊಳ್ಳಬೇಕಾಗುತ್ತೆ" ಅಂದಳು. ತುಟಿಯ ಒಂದು ಮೂಲೆ ನಗುತ್ತಿತ್ತು, ಕಣ್ಣು ಮಾತ್ರ ತುಂಬಿತ್ತು. ಅದನ್ನು ಮರೆಸಲು ಕೋಟು ಎತ್ತಿಕೊಂಡು, ಇದರ ಬಣ್ಣದ ದಾರ ಒಳಗಿರಬೇಕು ಎಂದು ಹಿಂದಿನ ಕೋಣೆಗೆ ಹೋದಳು. ಅ‍ಲ್ಲಿ ಡಬ್ಬಿಗಳ ಮುಚ್ಚಳ ತೆಗೆದು ಹಾಕುವ ಸದ್ದು ಬಹಳ ಹೊತ್ತು ಕೇಳಿಸಿತು.

ತಕ್ಕಡಿರಾಯ ಒಳಗೆ ಬಂದು ಗಿರಾಕಿಗಳು ಕೂರುವ ಸಣ್ಣ ಸ್ಟೂಲಿನ ಮೇಲೆ ಕೂತ. ಅವನು ಫೈಲು ಬಿಚ್ಚಿ, ಮಡಚಿದ್ದ ಹಾಳೆ ತೆಗೆದು, ಅಂಗೈಯನ್ನು ಷರಾಯಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ಆಕೆಯ ಮುಂದೆ ಚಾಚಿದ.

"ನಿಮ್ಮ ಮಾತು ನನ್ನ ಹತ್ತಿರ ಉಳಿದಿತ್ತು" ಅಂದ.

ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಕೈ ಮುಂದೆ ಮಾಡಿದಳು, ತೆಗೆದುಕೊಂಡಳು.